ಕೂಗದೆ ಬಿಟ್ಟ ಮನೆ

"ಗುರುಗಳೇ, ಕೈಮೀರಿ ಹೋದ ಹುಡುಗನನ್ನು ಹೊರಗೆ ಹಾಕುವುದು ತಪ್ಪೇ?"

ಕೇಳಿದವನು ಚೆನ್ನವೀರ. ಮಠದ ಪ್ರಸಾದನಿಲಯದಲ್ಲಿ ಉಂಡು ಓದುವ ಬಡ ಹುಡುಗರನ್ನು ನೋಡಿಕೊಳ್ಳುವ ಶಿಷ್ಯ. ಗುರುಗಳು ಹಿತ್ತಿಲ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಚೆನ್ನವೀರನ ಸೊಂಟದಲ್ಲಿ ಕಣಜದ ಕೋಣೆಯ ಬೀಗದ ಕೈ ಇತ್ತು. ಕೋಣೆಯೊಳಗೆ ಒಬ್ಬ ಹುಡುಗನಿದ್ದ.

"ಏನು ಮಾಡಿದ?" ಎಂದರು ಗುರುಗಳು.

"ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಜೊತೆಯವನ ಬಾಯಿಗೆ ಚೊಂಬಿನಿಂದ ಹೊಡೆದ. ಹಲ್ಲು ಮುರಿಯಿತು. ಹೋದ ತಿಂಗಳು ಅಡುಗೆಮನೆಯ ಗಡಿಗೆ ಒಡೆದಿದ್ದ. ಅದಕ್ಕೂ ಮುಂಚೆ ಬಾವಿಯ ಹಗ್ಗ ಕೊಯ್ದಿದ್ದ. ಬುದ್ಧಿ ಹೇಳಿದೆ, ಬೈದೆ, ಒಂದೆರಡು ಏಟೂ ಹಾಕಿದೆ. ತಂದೆತಾಯಿ ಇಲ್ಲದವನೆಂದು ನಾನು ಅವನಿಗೆ ಏನೂ ಕಡಿಮೆ ಮಾಡಿಲ್ಲ, ಗುರುಗಳೇ. ಎಲ್ಲರೂ ಕಸ ಗುಡಿಸುತ್ತಾರೆ, ಅವನಿಗೆ ಒಂದು ಕಡ್ಡಿ ಎತ್ತು ಎಂದಿಲ್ಲ. ಬೆಳಿಗ್ಗೆ ನೀರಿನ ಪಾಳಿಗೆ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತೇನೆ, ಅವನನ್ನು ಮಲಗಲಿ ಪಾಪ ಎಂದು ಬಿಟ್ಟಿದ್ದೇನೆ. ಪಂಕ್ತಿಯಲ್ಲಿ ಮೊದಲು ಅವನಿಗೇ ಬಡಿಸುತ್ತೇನೆ. ಇಷ್ಟು ಮಾಡಿದರೂ ಹೀಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಾಳೆ ಬಸ್ಸಿಗೆ ಹತ್ತಿಸಿಬಿಡುತ್ತೇನೆ. ಉಳಿದ ಮಕ್ಕಳಾದರೂ ನೆಮ್ಮದಿಯಾಗಿರಲಿ."

"ಬಸ್ಸು ಎಲ್ಲಿಗೆ?"

"ಅವನ ಊರಿಗೆ."

"ಊರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಗುರುಗಳು ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು. "ಹಲ್ಲು ಹೋದವನನ್ನು ನೋಡಿ ಬಂದೆ. ಬಾಯಿ ಬಾತಿದೆ. ಗಂಜಿ ಕುಡಿಸಿದ್ದಾರೆ. ಅವನದು ಏನೂ ತಪ್ಪಿಲ್ಲ, ನಿನಗೆ ಸಿಟ್ಟು ಬಂದದ್ದೂ ತಪ್ಪಲ್ಲ. ಕೂಡು. ಕೈ ಕಟ್ಟಿಕೊಂಡು ಕತೆ ಕೇಳಬೇಡ, ಒಂದು ಮುಷ್ಟಿ ಹುಣಸೆಹಣ್ಣು ತಗೋ."

ಚೆನ್ನವೀರ ಕೂತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಂದು ನೇಕಾರರ ಬೀದಿ. ಬೀದಿಗೆ ಒಬ್ಬ ಯಜಮಾನ. ಅಲ್ಲಿಯ ಕೆಲಸ ಶುರುವಾಗುವುದು ಮಗ್ಗದ ಮೇಲಲ್ಲ, ಬೀದಿಯ ಮೇಲೆ. ಸೀರೆಗೆ ಬೇಕಾದ ಉದ್ದದ ಎಳೆಗಳಿರುತ್ತವಲ್ಲ, ಅದಕ್ಕೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಆ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಬೇಕು, ಗಂಜಿ ಬಳಿಯಬೇಕು, ಕುಂಚದಿಂದ ತೀಡಬೇಕು. ಬಿಸಿಲೇರುವುದರೊಳಗೆ, ಗಾಳಿ ಏಳುವುದರೊಳಗೆ ಇದೆಲ್ಲ ಮುಗಿಯಬೇಕು. ಒಂದು ಮನೆಯವರಿಂದ ಆಗುವ ಮಾತಲ್ಲ. ಇವತ್ತು ನಿನ್ನ ಹಾಸು ತೀಡಲು ನಾನು, ನಾಳೆ ನನ್ನ ಹಾಸು ತೀಡಲು ನೀನು. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎನ್ನುವ ಗಾದೆ ಆ ಬೀದಿಯಲ್ಲಿ ಗಾದೆಯಲ್ಲ, ದಿನದ ಬದುಕು.

ಅದಕ್ಕೇ ದಿನಾ ನಸುಕಿನಲ್ಲಿ ಯಜಮಾನ ಬೀದಿಯ ಮೇಲ್ತುದಿಯಲ್ಲಿ ನಿಂತು ಮನೆಮನೆಯ ಹೆಸರು ಹಿಡಿದು ಕೂಗುವನು. "ಹಾಸು ಹೂಡೈತಿ, ಬರ್ರೆಪ್ಪೋ! ಗಚ್ಚಿನಮನಿ! ಬಾವಿಮನಿ! ಮೂಲಿಮನಿ!" ಹೆಸರು ಕೂಗಿದ ಮನೆಯಿಂದ "ಬಂದೆನ್ರಿ" ಎಂಬ ಉತ್ತರ ಬರುತ್ತಿತ್ತು, ಹಿಂದೆಯೇ ಆ ಮನೆಯ ನೇಕಾರ ಬರುತ್ತಿದ್ದ. ಅವನಿಗೆ ಜ್ವರವಿದ್ದರೆ ಮಗ ಬರುತ್ತಿದ್ದ, ಮಗ ಊರಲ್ಲಿಲ್ಲದಿದ್ದರೆ ಸೊಸೆ ಬರುತ್ತಿದ್ದಳು. ಕೂಗಿನ ಕೊನೆಯ ಹೆಸರು ಕಡೀಮನಿ. ಬೀದಿಯ ಕಡೆಯ ಮನೆ ಅದು.

ಕಡೀಮನಿಯ ನೇಕಾರ ಚಿಕ್ಕ ವಯಸ್ಸಿಗೇ ಸತ್ತ. ಹೆಂಡತಿ ನೀಲವ್ವ, ಇನ್ನೂ ಅಂಗಿಗೆ ಗುಂಡಿ ಹಾಕಿಕೊಳ್ಳಲು ಬಾರದ ಮಗ ಬನಪ್ಪ, ಇಬ್ಬರೇ ಉಳಿದರು. ನೇಯುವವನು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೆ ಹಲಗೆ ಮುಚ್ಚಿದರು. ಬೀದಿಯವರು ಕೆಟ್ಟವರಲ್ಲ, ಚೆನ್ನವೀರ. ಬಹಳ ಒಳ್ಳೆಯವರು. ಅವರ ಒಳ್ಳೆಯತನವೇ ಈ ಕತೆಯ ಫಜೀತಿ. ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಎಲ್ಲರೂ ಸೇರಿ ತೀರ್ಮಾನ ಮಾಡಿದರು. "ಗಂಡಸಿಲ್ಲದ ಮನಿ. ಪಾಪ, ಅವರಿಗೆ ಪಾಳಿ ಬ್ಯಾಡ. ಇನ್ನ ಕಡೀಮನಿ ಕೂಗೂದು ಬಿಡೂಣು. ತಿಂಗಳಿಗೊಮ್ಮೆ ಮನಿಗೊಂದು ಸೇರು ಜೋಳದ ಹಿಟ್ಟು ಕೊಡೂಣು."

ಮರುದಿನದಿಂದ ಕೂಗು ಒಂದು ಮನೆ ಮೊದಲೇ ನಿಂತಿತು. ಹಿಟ್ಟು ಮಾತ್ರ ತಪ್ಪಲಿಲ್ಲ. ತಮ್ಮ ದಯೆಯ ಬಗ್ಗೆ ಬೀದಿಗೆ ಸ್ವಲ್ಪ ಹೆಮ್ಮೆಯೂ ಇತ್ತು, ಬಂದ ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದರು. ಯಾರು ಹೇಳಿದರೆ ಅವರ ಮನೆಗೆ ಹೋಗಿ ನೀಲವ್ವ ಅವರ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು.

ಬನಪ್ಪನಿಗೆ ಏಳೋ ಎಂಟೋ ಇರಬೇಕು. ಒಂದು ದಿನ ಯಜಮಾನನ ಕೂಗು ಕೇಳಿ ಎದ್ದು ಓಡಿ ಬಂದ. ಬೀದಿಯಲ್ಲಿ ಎಲ್ಲ ಮನೆಯ ಹುಡುಗರೂ ಹಾಸಿನ ಎರಡೂ ಬದಿಗೆ ನಿಂತಿದ್ದರು. ಇವನೂ ಹೋಗಿ ಒಂದು ಕುಂಚ ಹಿಡಿದ. ಒಬ್ಬ ಮುತ್ತೈದೆ ಅವನ ಕೈಯಿಂದ ಕುಂಚ ಬಿಡಿಸಿ ತಲೆ ಸವರಿದಳು. "ನೀ ಯಾಕ ಬಂದ್ಯೋ ಕೂಸ? ನಿಮ್ಮ ಮನಿ ಪಾಳಿ ಬಿಟ್ಟಾರ. ಹೋಗಪ್ಪಾ, ಮಕ್ಕೋ ಹೋಗು."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಅದೇ ನನಗೆ ಸಂಕಟ. ಬೈದು ಕಳಿಸಿದ್ದರೆ ಹುಡುಗ ಮರುದಿನ ಹಟ ಹಿಡಿದು ಬರುತ್ತಿದ್ದನೋ ಏನೋ. ತಲೆ ಸವರಿ ಕಳಿಸಿದ್ದರಿಂದ ಅವನು ಹೋಗಿ ಮಲಗಿದ. ಅಂದಿನಿಂದ ದಿನಾ ನಸುಕಿನಲ್ಲಿ ಚಾಪೆಯ ಮೇಲೆ ಎಚ್ಚರವಾಗಿ ಬಿದ್ದುಕೊಂಡು ಕೂಗು ಕೇಳುವನು. ಗಚ್ಚಿನಮನಿ, ಬಾವಿಮನಿ, ಮೂಲಿಮನಿ. ಆಮೇಲೆ ಏನಿಲ್ಲ.

ಹುಡುಗ ಬೆಳೆದ. ಮೊದಲು ಗಚ್ಚಿನಮನಿಯ ಹಂಚಿನ ಮೇಲೆ ಕಲ್ಲು ಬಿತ್ತು. ಯಾರೆಂದು ಎಲ್ಲರಿಗೂ ಗೊತ್ತಾದರೂ "ಅಪ್ಪಿಲ್ಲದ ಹುಡುಗ" ಎಂದು ಬಿಟ್ಟರು. ಆಮೇಲೆ ಬಾವಿಮನಿಯ ಹುಡುಗನ ಮೂಗು ಒಡೆಯಿತು. ಆಗ "ನೀಲವ್ವ ಸಲಿಗಿ ಕೊಟ್ಟು ಕೆಡಿಸಿದಳು" ಎಂದರು. ಒಬ್ಬರೂ ಅವಳ ಅಂಗಳಕ್ಕೆ ಹೋಗಿ, ನಿನಗೆ ಹೇಗೆ ನಡೆಯುತ್ತಿದೆಯವ್ವ ಎಂದು ಕೇಳಲಿಲ್ಲ. ಹಿಟ್ಟನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು.

ಆ ಊರ ಹತ್ತಿ ಪೇಟೆಯಲ್ಲಿ ನಾಲ್ಕಾರು ಪುಂಡರಿದ್ದರು. ಅವರಿಗೆ ಗಟ್ಟಿ ಮುಷ್ಟಿಯ ಹುಡುಗರು ಬೇಕಾಗಿದ್ದರು. ಸಂಜೆ ಕಡೀಮನಿಯ ಮುಂದೆ ನಿಂತು, "ಬನಪ್ಪಾ, ಬಾರೋ, ನೀ ಇಲ್ಲದಿದ್ರ ನಡಿಯಂಗಿಲ್ಲ" ಎಂದು ಕೂಗುತ್ತಿದ್ದರು. ಕೆಟ್ಟ ಕೆಲಸಕ್ಕೇ ಕೂಗಿದರು, ನಿಜ. ಆದರೆ ಆ ಮನೆಯ ಮುಂದೆ ನಿಂತು ಕೂಗಿದವರು ಅವರು ಮಾತ್ರ. ಇವನು ಹೋದ. ಹೋಗದೆ ಏನು ಮಾಡಿಯಾನು? ಮೀಸೆ ಮೂಡುವ ಹೊತ್ತಿಗೆ ಅವನ ಸೊಂಟದಲ್ಲಿ ಒಂದು ಚಾಕು ಇತ್ತು. ಒಬ್ಬ ಗಾಡಿಯವನ ಕೈ ಮುರಿದಿದ್ದ. ಇನ್ನು ಒಂದು ಮೆಟ್ಟಿಲು ಇಳಿದರೆ ಕೊಲೆ, ಆಮೇಲೆ ನೇಣು ಅಥವಾ ಜೈಲು. ಬೀದಿಯವರು ಅದನ್ನೇ ಕಾಯುತ್ತಿದ್ದರು ಎಂದರೆ ತಪ್ಪಾಗುತ್ತದೆ. ಆದರೆ ಆದಾಗ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ಒಂದು ನಸುಕು. ಮೂಲಿಮನಿಯ ಸಂಗಪ್ಪನ ಹಾಸು ಬೀದಿಯಲ್ಲಿತ್ತು. ಸಂಗಪ್ಪನೆಂದರೆ ಬೀದಿಯಲ್ಲೇ ಎಲ್ಲರಿಗಿಂತ ಕೈಚಳಕದ ನೇಕಾರ, ಬಾಯಿ ಮಾತ್ರ ಕಾಸಿದ ಕಬ್ಬಿಣ. ಅವನದು ರೇಷ್ಮೆಯ ಹಾಸು, ಮನೆಯವರೆಲ್ಲರ ಎರಡು ತಿಂಗಳ ದುಡಿಮೆ. ಗಂಜಿ ಬಳಿದಾಗಿತ್ತು, ಎಳೆ ಆರುತ್ತಿತ್ತು. ಆ ಹೊತ್ತಿಗೆ ಬನಪ್ಪ ಪೇಟೆಯಿಂದ ಮನೆಗೆ ಬರುತ್ತಿದ್ದ. ಮನೆ ಸೇರಬೇಕೆಂದರೆ ಹಾಸಿನ ಕೆಳಗೆ ನುಸುಳಬೇಕು. ಬಗ್ಗಿದ. ಅವನ ಹೆಗಲು ಎಳೆಗಳಿಗೆ ತಾಗಿತು.

"ಏ, ಸರಿ ಆಕಡೆ!" ಎಂದ ಸಂಗಪ್ಪ. "ನೇಕಾರರ ಬೀದ್ಯಾಗ ನಿನಗೇನು ಕೆಲಸೈತಿ?"

ಬೀದಿಯ ಎರಡೂ ಬದಿಗೆ ಜನ ನಿಂತಿದ್ದರು. ಒಬ್ಬಿಬ್ಬರು ನಕ್ಕರು. ಬನಪ್ಪ ನೆಟ್ಟಗಾದ. ಸೊಂಟದಿಂದ ಚಾಕು ತೆಗೆದ. ಅವನು ಸಂಗಪ್ಪನನ್ನೇ ಇರಿಯುತ್ತಾನೆ ಎಂದು ಹೆಂಗಸರು ಚೀರಿದರು. ಅವನು ಹಾಸಿನ ಕಡೆ ತಿರುಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರ್ರನೆ ಎಳೆದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಬಿಗಿದು ಕಟ್ಟಿದ ಸಾವಿರಾರು ಎಳೆಗಳು ಎರಡೂ ಕಡೆಗೆ ಚಿಮ್ಮಿ ಮಣ್ಣಿಗೆ ಬಿದ್ದವು. ಆ ಬೀದಿಯಲ್ಲಿ ಹಾದಿಯ ನಾಯಿ ಕೂಡ ಹಾಸು ಬಿಟ್ಟು ಸುತ್ತಿ ಹೋಗುತ್ತದೆ. ನೇಕಾರರ ಕಣ್ಣಿಗೆ ಅದು ಹೆಣ ಬಿದ್ದಂತೆಯೇ.

ಇಬ್ಬರು ಗಂಡಸರು ಬನಪ್ಪನ ತೋಳು ಹಿಡಿದರು. ಚಾಕು ಕೆಳಗೆ ಬಿತ್ತು. ಸಂಗಪ್ಪ ಹಾಸು ಕಟ್ಟುವ ಗೂಟ ಕಿತ್ತುಕೊಂಡು ಬಂದ. "ಕೈ ಮುರೀರಿ ಮೊದ್ಲ! ಆಮ್ಯಾಲ ಪೊಲೀಸರಿಗೆ ಕೊಡೂಣು." ಯಾರೂ ಬೇಡವೆನ್ನಲಿಲ್ಲ. ಯಜಮಾನ ಬಂದು ಗೂಟಕ್ಕೆ ಕೈ ಅಡ್ಡ ಹಿಡಿದ.

ಆಗ ನೀಲವ್ವ ಬಂದಳು.

ಅವಳು ಅಳಲಿಲ್ಲ. ಯಾರ ಕಾಲಿಗೂ ಬೀಳಲಿಲ್ಲ. ಮಗನ ಮುಖವನ್ನೂ ನೋಡಲಿಲ್ಲ. ಮನೆಯಿಂದ ಒಂದು ಚಿಪ್ಪಿನಲ್ಲಿ ಬೂದಿ ತಂದಿದ್ದಳು. ಕಡಿದ ಹಾಸಿನ ಪಕ್ಕದಲ್ಲಿ ನೆಲಕ್ಕೆ ಕೂತಳು, ಬೆರಳಿಗೆ ಬೂದಿ ಹಚ್ಚಿಕೊಂಡಳು, ಅಂಚಿನಿಂದ ಮೊದಲ ಎಳೆ ಎತ್ತಿದಳು. ಅದರ ಜೋಡಿ ಎಳೆಯನ್ನು ಇನ್ನೊಂದು ತುದಿಯಿಂದ ಹುಡುಕಿ ತೆಗೆದು, ಎರಡನ್ನೂ ಕೂಡಿಸಿ ಹೊಸೆಯತೊಡಗಿದಳು. ಕಡಿದ ಎಳೆಗಳನ್ನು ಹೀಗೆ ಒಂದೊಂದಾಗಿ ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದೆರಡು ಎಳೆ ಹರಿದರೆ ಎಲ್ಲ ನೇಕಾರರೂ ಕೆಚ್ಚುತ್ತಾರೆ. ಇಡೀ ಹಾಸು ಕಡಿದರೆ ಸುತ್ತಿ ಹೊರಗೆ ಎಸೆಯುತ್ತಾರೆ, ಯಾರೂ ಆ ಗೋಜಿಗೆ ಹೋಗುವುದಿಲ್ಲ. ಈಕೆ ಶುರು ಮಾಡಿದಳು.

ಯಜಮಾನ ಅವಳ ಹತ್ತಿರ ಬಂದು ಬಗ್ಗಿದ. ಅವನು ಯಾವಾಗಲೂ ಹೇಳುವುದನ್ನೇ ಹೇಳಿದ. "ಬ್ಯಾಡವ್ವಾ ನೀಲವ್ವ, ಏಳು. ನಿನಗ್ಯಾಕ ಈ ತ್ರಾಸು?"

ನೀಲವ್ವ ತಲೆ ಎತ್ತಿದಳು.

"ಯಜಮಾನ್ರ, ನನ್ನ ಗಂಡ ಸತ್ತಾಗಿಂದ ಬ್ಯಾಡ ಬ್ಯಾಡ ಅಂತನ ಬಂದ್ರಿ. ನಿಮ್ಮ ಹಿಟ್ಟು ಉಂಡೀವಿ, ಇಲ್ಲ ಅನ್ನಂಗಿಲ್ಲ. ನಿಮ್ಮ ಋಣ ದೊಡ್ಡದು. ಆದ್ರ ಒಂದ ದಿನ ಬಾ ಅಂದಿದ್ರ ಈ ಹುಡುಗ ಓಡಿ ಬರತಿದ್ದ. ದಿನಾ ಎಚ್ಚರಿದ್ದು ಕೇಳ್ಯಾನ್ರಿ ನಿಮ್ಮ ಕೂಗ. ಇವತ್ತರ ನನಗ ಬ್ಯಾಡ ಅನಬ್ಯಾಡ್ರಿ."

ಇಷ್ಟು ಹೇಳಿ ಮತ್ತೆ ಎಳೆಗೆ ಬಗ್ಗಿದಳು.

ನೋಡು ಚೆನ್ನವೀರ, ಈ ಭೂಮಿಯ ಮೇಲೆ ದೊಡ್ಡ ಮನುಷ್ಯರು ಯಾರೆಂದು ಕೇಳಿದರೆ ನಾನು ಆ ಯಜಮಾನನ ಹೆಸರು ಹೇಳುತ್ತೇನೆ. ಅವನು ಓದಿದವನಲ್ಲ. ಹೆಣ್ಣುಮಗಳೊಬ್ಬಳು ಬೀದಿಯವರೆಲ್ಲರ ಮುಂದೆ ಅವನ ದಯೆಯನ್ನು ಬಿಚ್ಚಿ ತೋರಿಸಿಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ, ಉಂಡ ಮನೆಗೆ ಎರಡು ಬಗೆಯುತ್ತೀಯಾ ಎಂದು ಗದರುತ್ತಿದ್ದರು. ನಾನಾಗಿದ್ದರೂ ಗದರುತ್ತಿದ್ದೆನೇನೋ. ಅವನು ಗದರಲಿಲ್ಲ. ತಾನು ಒಳ್ಳೆಯವನೆಂದು ಇಷ್ಟು ವರ್ಷ ನಂಬಿದ್ದವನು, ಒಂದು ಗಳಿಗೆಯಲ್ಲಿ ಆ ನಂಬಿಕೆಯನ್ನು ಕೆಳಗಿಟ್ಟ. ಅದು ಸುಲಭವಲ್ಲ. ಎಂದೂ ಕಣ್ಣಾರೆ ಕಾಣದ ಆ ಮನುಷ್ಯನಿಗೆ ನಾನು ದಿನಾ ಕೈ ಮುಗಿಯುತ್ತೇನೆ.

ಅವನು ಏನು ಮಾಡಿದ ಗೊತ್ತೇ? ಬೀದಿಯ ಮೇಲ್ತುದಿಗೆ ನಡೆದುಹೋದ. ದಿನಾ ನಿಲ್ಲುವ ಜಾಗದಲ್ಲೇ ನಿಂತ. ಹೊತ್ತು ಆಗಲೇ ಏರಿತ್ತು, ಎಲ್ಲರೂ ಬೀದಿಯಲ್ಲೇ ಇದ್ದರು, ಕೂಗುವ ಅಗತ್ಯವೇ ಇರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಕೂಗಿದ.

"ಹಾಸು ಕಡಿದೈತಿ, ಕೆಚ್ಚಾಕ ಬರ್ರೆಪ್ಪೋ! ಗಚ್ಚಿನಮನಿ!"

ಗಚ್ಚಿನಮನಿಯವರು ಮುಖ ಮುಖ ನೋಡಿಕೊಂಡರು. ಕೂಗಿದ ಮೇಲೆ ಓಗೊಡದೆ ಇರುವುದು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. "ಬಂದೆನ್ರಿ" ಎಂದರು.

"ಬಾವಿಮನಿ!"

"ಬಂದೆನ್ರಿ."

"ಮೂಲಿಮನಿ!"

ಸಂಗಪ್ಪ ಗೂಟ ಹಿಡಿದೇ ನಿಂತಿದ್ದ. ಅವನ ಹೆಂಡತಿ ಬಾಗಿಲಿನಿಂದ "ಬಂದೆನ್ರಿ" ಎಂದಳು.

ಯಜಮಾನ ಒಂದು ಉಸಿರು ತೆಗೆದುಕೊಂಡ. "ಕಡೀಮನಿ!"

ನೀಲವ್ವ ಉತ್ತರ ಕೊಡಬಹುದಿತ್ತು, ಕೊಡಲಿಲ್ಲ. ಎಳೆ ಹೊಸೆಯುತ್ತಲೇ ಇದ್ದಳು. ಯಜಮಾನ ಇನ್ನೊಮ್ಮೆ ಕೂಗಿದ. "ಕಡೀಮನೀ! ಬನಪ್ಪಾ!"

ಇಬ್ಬರು ಗಟ್ಟಿಗರು ತೋಳು ತಿರುವಿ ಹಿಡಿದಿದ್ದರೂ ಒಂದು ಹನಿ ಕಣ್ಣೀರು ಹಾಕದ ಹುಡುಗ, ಆಗ ಗದ್ದ ಎದೆಗೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ಅಳುವಿನ ನಡುವೆ ಹೇಗೋ ಹೇಳಿದ. "ಬಂದೆನ್ರಿ."

ಹಿಡಿದವರು ಕೈ ಬಿಟ್ಟರು.

ಅವನು ಬಂದು ತಾಯಿಯ ಪಕ್ಕದಲ್ಲಿ ಕೂತ. ಕೆಚ್ಚುವುದು ಒಬ್ಬರ ಕೆಲಸವಲ್ಲ. ಈಚೆಯವನು ಎಳೆ ಆರಿಸಿ ಕೊಡಬೇಕು, ಆಚೆಯವನು ಜೋಡಿಸಿ ಹೊಸೆಯಬೇಕು. ಬನಪ್ಪನ ಎದುರು ಯಾರು ಕೂಡಬೇಕು? ಯಾರೂ ಮುಂದೆ ಬರಲಿಲ್ಲ. ಸಂಗಪ್ಪ ಗೂಟವನ್ನು ಗೋಡೆಗೆ ಎಸೆದ. ಬಾಯಿಗೆ ಬಂದದ್ದನ್ನೆಲ್ಲ ಬೈದ, ಅದನ್ನು ಮಠದಲ್ಲಿ ಹೇಳುವಂತಿಲ್ಲ. ಬೈಯುತ್ತಲೇ ಬಂದು ಬನಪ್ಪನ ಎದುರಿಗೆ ಕಾಲು ಮಡಚಿ ಕೂತ. ಕಡಿದದ್ದು ತನ್ನ ಹಾಸು, ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸಿಲ್ಲ.

ಹುಡುಗನಿಗೆ ಕೆಲಸ ಬಾರದು. ಬೀದಿಯಲ್ಲಿ ಹುಟ್ಟಿ, ಬೀದಿಯಲ್ಲಿ ಬೆಳೆದು, ಒಂದು ಎಳೆ ಹಿಡಿಯುವುದೂ ಗೊತ್ತಿಲ್ಲ. ರೇಷ್ಮೆ ಅವನ ಬೆರಳಿನಿಂದ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. ಸಂಗಪ್ಪ ಬಹಳ ಹೊತ್ತು ನೋಡಿದ. ಕೊನೆಗೆ ಬೂದಿಯ ಚಿಪ್ಪನ್ನು ಅವನ ಕಡೆ ತಳ್ಳಿದ.

"ಬೂದಿ ಹಚ್ಕೋ. ಎಳಿ ಜಾರಾಕ್ಹತ್ತೈತಿ."

ಕ್ಷಮಿಸಿದೆ ಎಂಬ ಮಾತನ್ನು ಸಂಗಪ್ಪ ಆ ದಿನ ಹೇಳಲಿಲ್ಲ. ಆಮೇಲೆಯೂ ಹೇಳಲಿಲ್ಲ. ನನಗೆ ಇದು ಸಾಕು ಎನಿಸುತ್ತದೆ.

ಆ ಬೀದಿಯಲ್ಲಿ ಇನ್ನೊಂದು ಕಟ್ಟಳೆ ಇದೆ. ಒಬ್ಬರ ಹಾಸು ಕಡಿದು ಬಿದ್ದಿರುವಾಗ ಇನ್ನೊಬ್ಬರ ಮನೆಯಲ್ಲಿ ಲಾಳಿ ಓಡಬಾರದು. ಹಾಗಾಗಿ ಮಗ್ಗಗಳೆಲ್ಲ ನಿಂತವು. ಒಂದು ಸಲಕ್ಕೆ ನಾಲ್ಕೈದು ಜೋಡಿ ಕೂಡುವಷ್ಟೇ ಜಾಗ. ಒಬ್ಬರು ಬೆನ್ನು ಹಿಡಿದುಕೊಂಡು ಎದ್ದರೆ ಇನ್ನೊಬ್ಬರು ಕೂಡುವರು. ಬನಪ್ಪ ಏಳಲಿಲ್ಲ. ಅವನ ಎದುರಿನವರು ಬದಲಾಗುತ್ತ ಹೋದರು. ಮೂಗು ಒಡೆಸಿಕೊಂಡ ಬಾವಿಮನಿಯ ಹುಡುಗ ಬಂದು ಕೂತ. ಹಂಚು ಒಡೆಸಿಕೊಂಡ ಗಚ್ಚಿನಮನಿಯ ಅಜ್ಜ ಬಂದ, ಅವನಿಗೆ ಕಣ್ಣು ಮಂಜು, ಬನಪ್ಪನೇ ಎಳೆ ಆರಿಸಿ ಅವನ ಬೆರಳಿಗೆ ಕೊಡಬೇಕಾಯಿತು. ಹಿಂದೊಮ್ಮೆ ಅವನ ಕೈಯಿಂದ ಕುಂಚ ಬಿಡಿಸಿದ್ದ ಆ ಮುತ್ತೈದೆ ಬಂದಳು, ಈಗ ಮುದುಕಿ. ಅವಳಿಗೆ ಹಳೆಯದೊಂದೂ ನೆನಪಿರಲಿಲ್ಲ. ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನ ಬಾಯಿಗೇ ಇಟ್ಟಳು, ಬೂದಿ ಕೈಯಲ್ಲಿ ಅವನು ತಿನ್ನುವ ಹಾಗಿರಲಿಲ್ಲ. ಎದುರು ಬದುರು ಕೂತು, ಇವನ ಬೆರಳಿನ ಎಳೆ ಅವನ ಬೆರಳಿಗೆ ಹೋಗುತ್ತಿರುವಾಗ ಎಷ್ಟು ಹೊತ್ತು ಮುಖ ಗಂಟು ಹಾಕಿಕೊಂಡಿರಲು ಸಾಧ್ಯ? ಮರುದಿನ ಮಧ್ಯಾಹ್ನದ ಹೊತ್ತಿಗೆ ಯಾರೋ ಚೇಷ್ಟೆ ಮಾಡಿದರು. "ಬನ್ಯಾ, ಕಡಿಯೂ ಮುಂದ ಇಷ್ಟ ಅಗಲ ಐತಿ ಅಂತ ಗೊತ್ತಿರಲಿಲ್ಲೇನೋ?" ಇಡೀ ಬೀದಿ ನಕ್ಕಿತು. ಹುಡುಗನೂ ತಲೆ ತಗ್ಗಿಸಿ ನಕ್ಕ.

ಇಲ್ಲಿಗೆ ಕತೆ ಮುಗಿದು ಅವನು ಸಂತನಾದ ಎಂದು ತಿಳಿಯಬೇಡ. ಗಾಡಿಯವನ ಕೈ ಮುರಿದದ್ದಕ್ಕೆ ಯಜಮಾನ ಅವನನ್ನು ಆ ಮನೆಗೆ ಕರೆದುಕೊಂಡು ಹೋದ. ಕೈ ಕೂಡುವ ತನಕ ಅವನ ಗಾಡಿ ಹೂಡುವ ಕೆಲಸ ಇವನಿಗೆ ಬಿತ್ತು. ಪೇಟೆಯ ಪುಂಡರೂ ಸುಮ್ಮನಿರಲಿಲ್ಲ. ಸಂಜೆ ಬಂದು ಸಿಳ್ಳೆ ಹಾಕುತ್ತಿದ್ದರು. ಒಂದೆರಡು ಸಲ ಅವನು ಹೋದ. ಒಂದು ಸಲ ಜಗಳವಾಡಿ ಹಣೆ ಒಡೆದುಕೊಂಡೂ ಬಂದ. ಮರುದಿನ ನಸುಕಿನಲ್ಲಿ ಯಜಮಾನ ಕೂಗಿದಾಗ ಕಡೀಮನಿಯಿಂದ ಉತ್ತರ ಬರಲಿಲ್ಲ. ನಾಚಿಕೆಯಿಂದ ಮುಸುಕು ಹಾಕಿಕೊಂಡು ಮಲಗಿದ್ದ.

ಆಗ ಬೀದಿಯವರು ಏನು ಮಾಡಿದರು? ಬುದ್ಧಿ ಹೇಳಲಿಲ್ಲ. ಹಿಟ್ಟನ್ನೂ ಕಳಿಸಲಿಲ್ಲ. ಹಾಸನ್ನು ಹಾಗೆಯೇ ಬಿಟ್ಟು ಎಲ್ಲರೂ ಅವನ ಅಂಗಳಕ್ಕೆ ಬಂದು ನಿಂತರು. ಸಂಗಪ್ಪ ಬಾಗಿಲಿಗೆ ಒದ್ದ. "ಏಳೋ ಭಾಡ್ಯಾ! ಗಂಜಿ ಆರಾಕ್ಹತ್ತೈತಿ, ಎಡಗಡೆ ಕುಂಚ ಹಿಡಿಯಾಕ ನಿಮ್ಮಪ್ಪ ಬರತಾನೇನು?" ಬನಪ್ಪ ಹಣೆಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದ. ಎಲ್ಲರೂ ಹಾಸಿನ ಬದಿಗೆ ಮರಳಿ ನಿಂತಾಗ ಎಡಗಡೆ ಅವನ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ನಿಂತಿರಲಿಲ್ಲ.

ಸಿಳ್ಳೆಯವರು ಇನ್ನೂ ಕೆಲವು ದಿನ ಬಂದರು. ಅವರು ಬಂದಾಗಲೆಲ್ಲ ಬೀದಿಯ ಹೆಂಗಸರು ಹೊರಗೆ ಬಂದು ತಮ್ಮ ತಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಾತಿಲ್ಲ, ಬೈಗುಳವಿಲ್ಲ. ಸುಮ್ಮನೆ ಕಾಳು ಆರಿಸುತ್ತ ನೋಡುತ್ತಿದ್ದರು. ಅಷ್ಟು ಕಣ್ಣುಗಳ ಮುಂದೆ ಸಿಳ್ಳೆ ಹಾಕುವುದು ಯಾವ ಪುಂಡನಿಗೂ ಕಷ್ಟ. ಅವರು ಬರುವುದು ಬಿಟ್ಟರು. ಕಡೀಮನಿಯ ಕುಣಿಯ ಮೇಲಿನ ಹಲಗೆಯನ್ನು ಬೀದಿಯವರೇ ಎತ್ತಿದರು. ನೀಲವ್ವ ಈಗ ತನ್ನ ಮನೆಯಲ್ಲಿ ಕೂತು ತನ್ನ ಮಗನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾಳೆ.

ಕೆಚ್ಚಿದ ಆ ಹಾಸಿನಲ್ಲಿ ಸೀರೆ ಆಯಿತೇ ಎಂದು ನೀನು ಕೇಳಲಿಲ್ಲ. ಆಯಿತು. ನಡುವೆ ಅಡ್ಡಕ್ಕೆ ಒಂದು ದಪ್ಪ ಗೆರೆ ಬಿತ್ತು, ಕೈಯಾಡಿಸಿದರೆ ಸಿಗುತ್ತದೆ. ಅಂಗಡಿಯವರು ಮುಟ್ಟಲಿಲ್ಲ. ಸಂಗಪ್ಪನ ಹೆಂಡತಿ ತಾನೇ ಉಟ್ಟಳು. ಹಬ್ಬಕ್ಕೆ ಬೇರೆ ಸೀರೆ ಉಡು ಎಂದು ಸಂಗಪ್ಪ ಎಷ್ಟು ಗೊಣಗಿದರೂ ಅದನ್ನೇ ಉಡುತ್ತಾಳಂತೆ. ಯಜಮಾನನಿಗೆ ವಯಸ್ಸಾಗಿದೆ, ದನಿ ನಡುಗುತ್ತದೆ. ಆದರೂ ದಿನಾ ಕೂಗುತ್ತಾನೆ. ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದಾನೆ. ಈಗ ಅವನ ಕೂಗು ಕಡೀಮನಿಯಿಂದ ಶುರುವಾಗುತ್ತದೆ.

ಗುರುಗಳು ನಿಲ್ಲಿಸಿದರು. ಚೆನ್ನವೀರನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೆಯೇ ಇತ್ತು.

"ಅಂದರೆ ಗುರುಗಳೇ," ಎಂದ ಅವನು, "ತಪ್ಪು ಮಾಡಿದವನಿಗೆ ಶಿಕ್ಷೆಯೇ ಬೇಡವೇ? ಹಲ್ಲು ಹೋದವನಿಗೆ ನಾನು ಏನು ಹೇಳಲಿ?"

"ಶಿಕ್ಷೆ ಆಗಲಿಲ್ಲ ಎಂದು ನಿನಗೆ ಯಾರು ಹೇಳಿದರು?" ಗುರುಗಳಿಗೆ ನಗು ಬಂತು. "ಎರಡು ದಿನ ಬಗ್ಗಿ ಕೂತು ರೇಷ್ಮೆ ಎಳೆ ಕೆಚ್ಚಿ ನೋಡು, ಆಮೇಲೆ ಬಂದು ನನ್ನನ್ನು ಕೇಳು. ಹಲ್ಲು ಹೋದವನಿಗೆ ಗಂಜಿ ಕಾಸಿ ಕುಡಿಸುವ ಕೆಲಸ, ಅವನ ಬಾಯಿ ವಾಸಿಯಾಗುವ ತನಕ, ಯಾರದಾಗಬೇಕು ಎಂದು ನಿನಗೇ ಗೊತ್ತಿದೆ."

ಚೆನ್ನವೀರ ಸೊಂಟದಿಂದ ಬೀಗದ ಕೈ ತೆಗೆದು ಗುರುಗಳ ಮುಂದೆ ಇಟ್ಟ. ಗುರುಗಳು ಅದನ್ನು ಮುಟ್ಟಲಿಲ್ಲ, ಬೆರಳಿನಿಂದ ಅವನ ಕಡೆಗೇ ಸರಿಸಿದರು.

"ಬೀಗ ನೀನೇ ತೆಗೆ, ಚೆನ್ನವೀರ, ನಾಳೆ ಬೆಳಿಗ್ಗೆ ನೀರಿನ ಪಾಳಿಗೆ ನೀನು ಕೂಗುವ ಮೊದಲ ಹೆಸರು ಯಾವುದು, ನನಗೆ ಅಷ್ಟು ಹೇಳು."